ಯಜಮಾನರೇ ಮಾತಾಡಬೇಕು

ಆ ಮನೆಯಲ್ಲಿ ನಾಲ್ಕು ಜನರಿಗೂ ಸೇರಿ ಇದ್ದದ್ದು ಒಂದೇ ಬಾಯಿ, ಅದು ಅತ್ತೆಯದು. ಉಳಿದವರಿಗೆ ದೇವರು ಬಾಯಿ ಕೊಟ್ಟದ್ದು ಊಟಕ್ಕೆ ಮಾತ್ರ ಎಂದು ಪಕ್ಕದ ಚಪ್ಪಲಿ ಅಂಗಡಿಯವರು ನಗುತ್ತಿದ್ದರು. ಹಾಲಿನವನು ಮಗನನ್ನು "ಹೇಗಿದ್ದೀರಿ" ಎಂದು ಕೇಳಿದರೆ ಒಳಗಿನಿಂದ ಅತ್ತೆ, "ಚೆನ್ನಾಗಿದ್ದಾನೆ, ಸ್ವಲ್ಪ ಕೆಮ್ಮು" ಎನ್ನುತ್ತಿದ್ದರು. ಡಾಕ್ಟರು ಮಾವನ ಬೆನ್ನಿಗೆ ಕೊಳವೆ ಇಟ್ಟು "ಉಸಿರು ಎಳೀರಿ" ಎಂದರೆ, ಅತ್ತೆ ಎದುರಿಗೆ ಕೂತು ತಾವೇ ಒಮ್ಮೆ ಎಳೆದು ತೋರಿಸುತ್ತಿದ್ದರು.

ಮನೆ ಮಹಡಿಯ ಮೇಲೆ, ಲಾಂಡ್ರಿ ಕೆಳಗೆ. ನಡುವೆ ಕಡಿದಾದ ಮರದ ಮೆಟ್ಟಿಲು. ಬಟ್ಟೆ ಒಗೆಯುವ ಯಂತ್ರ ಒಂದು, ನೀರು ಹಿಂಡುವ ಯಂತ್ರ ಇನ್ನೊಂದು. ಹಿಂಡುವ ಯಂತ್ರ ಸುತ್ತಲು ಶುರುವಾದರೆ ಮೇಲೆ ಅಡುಗೆಮನೆಯ ತಟ್ಟೆಗಳು ಕುಣಿಯುತ್ತಿದ್ದವು. ಅದರ ಪಕ್ಕದಲ್ಲೇ ನಿಂತು ಮಾವ ಹರೆಯದಿಂದ ಇಸ್ತ್ರಿ ಮಾಡಿಕೊಂಡು ಬಂದಿದ್ದರು. ಸೊಸೆ ಮುಂದಿನ ಕಟ್ಟೆಯಲ್ಲಿ ಕೂತು ಗಿರಾಕಿಗಳ ಬಟ್ಟೆಗೆ ಗುಂಡಿ, ಕೊಕ್ಕೆ ಹಾಕುತ್ತಿದ್ದಳು. ಮಗ ಸಿಟಿ ಬಸ್ ಓಡಿಸುತ್ತಿದ್ದ.

ಫೋನು ಅಡುಗೆಮನೆಯ ಗೋಡೆಯಲ್ಲಿತ್ತು. ಅದೇ ಲೈನಿನ ಇನ್ನೊಂದು ಫೋನು ಕೆಳಗೆ ಅಂಗಡಿಯಲ್ಲಿ. ಎರಡನ್ನೂ ಅತ್ತೆಯೇ ಎತ್ತುತ್ತಿದ್ದರು. ಗಿರಾಕಿಗಳು ಹೇಳಿದ್ದನ್ನು ಮಾವನಿಗೆ ಮುಟ್ಟಿಸಲು ಮೇಲಿಂದ ಓಡಿ ಇಳಿಯುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಾಗ ಫೋನು ಹೊಡೆದುಕೊಂಡಿತು.

"ನಮಸ್ಕಾರ ಅಮ್ಮ. ನಗರದ ಆರೋಗ್ಯ ಸಮೀಕ್ಷೆಯಿಂದ ಮಾತಾಡ್ತಿದ್ದೀನಿ. ನಿಮ್ಮ ಮನೆಗೆ ಒಂದು ಪತ್ರ ಬಂದಿತ್ತಲ್ಲ?"

ಬಂದಿತ್ತು. ಇಸ್ತ್ರಿ ಮೇಜಿನ ಗಿಡ್ಡ ಕಾಲಿನ ಅಡಿಗೆ ನಾಲ್ಕು ಮಡಿಕೆಯಾಗಿ ಸೇರಿಕೊಂಡಿತ್ತು.

"ಬಂದಿದೆ ತಾಯಿ, ಉಪಯೋಗಕ್ಕೂ ಬಂದಿದೆ. ಏನು ವಿಷಯ?"

"ಕೆಲವು ಮನೆಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿದ್ದೀವಿ ಅಮ್ಮ. ಆರೋಗ್ಯದ ಬಗ್ಗೆ ಒಂದಷ್ಟು ಪ್ರಶ್ನೆ. ಇಷ್ಟ ಇದ್ರೆ ಮಾತ್ರ, ಬಲವಂತವಿಲ್ಲ. ಬೇಡ ಅನ್ನಿಸಿದ ಪ್ರಶ್ನೆ ಬಿಟ್ಟುಬಿಡಬಹುದು. ನೀವು ಹೇಳಿದ್ದನ್ನ ನಾವು ಯಾರಿಗೂ ಹೇಳಲ್ಲ."

ಅತ್ತೆ ಚಾಕು ಕೆಳಗಿಟ್ಟು ಸ್ಟೂಲು ಎಳೆದುಕೊಂಡರು. ಪ್ರಶ್ನೆ ಕೇಳುತ್ತೇನೆ ಎಂದು ಯಾರಾದರೂ ತಾವಾಗಿ ಫೋನ್ ಮಾಡುವುದು ಅವರ ಪಾಲಿಗೆ ಬಹುಮಾನ ಬಂದ ಹಾಗೆ. "ಬಲವಂತದ ಮಾತೇ ಬೇಡ. ಶುರು ಮಾಡು."

"ಒಂದು ಮನೆಯಿಂದ ಒಬ್ಬರೇ ಅಮ್ಮ. ಮನೆಯ ದೊಡ್ಡವರಲ್ಲಿ ಯಾರ ಹುಟ್ಟುಹಬ್ಬ ಎಲ್ಲರಿಗಿಂತ ಮೊದಲು ಬರುತ್ತೋ ಅವರು."

"ನಂದು ಹೋದ ತಿಂಗಳು ಆಗಿಹೋಯ್ತು. ಒಬ್ಬರಿಗೂ ನೆನಪಿರಲಿಲ್ಲ, ಅದಿರಲಿ. ಮಗಂದು ಚಳಿಗಾಲಕ್ಕೆ, ಸೊಸೇದು ಅದಾದ ಮೇಲೆ. ಬರೋ ತಿಂಗಳು ಅಂದ್ರೆ ನಮ್ಮ ಯಜಮಾನರದು. ಬರ್ಕೋ, ಯಜಮಾನರು."

"ಸರಿ ಅಮ್ಮ. ಅವರಿಗೆ ಫೋನ್ ಕೊಡ್ತೀರಾ?"

"ಅವರಿಗ್ಯಾಕೆ? ನಾನೇ ಹೇಳ್ತೀನಲ್ಲ. ಅವರ ಆರೋಗ್ಯ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು."

"ಇಲ್ಲಮ್ಮ, ಯಜಮಾನರೇ ಮಾತಾಡಬೇಕು. ಅವರ ಪರವಾಗಿ ಬೇರೆಯವರು ಹೇಳೋ ಹಾಗಿಲ್ಲ."

ಅತ್ತೆಯ ಮುಖ ಇಳಿಯಿತು. ಹೇಗಿದ್ದರೂ ಉತ್ತರ ಕೊಡುವವಳು ತಾನೇ ಎಂದು ನಿಜವಾದ ಹುಟ್ಟುಹಬ್ಬಗಳನ್ನು ಒಪ್ಪಿಸಿಬಿಟ್ಟಿದ್ದರು. ನಂದೇ ನಾಳೆ ಎಂದಿದ್ದರೆ ಮುಗಿಯುತ್ತಿತ್ತು. ಈಗ ಆಡಿದ ಮಾತು ಬಿಟ್ಟ ಬಾಣ.

"ಅವರು ಕೆಲಸದಲ್ಲಿದ್ದಾರೆ. ಮುಂದಿನ ವಾರ ಮಾಡು," ಎಂದು ಇಟ್ಟುಬಿಟ್ಟರು.

ಆಮೇಲೆ ಒಲೆಯ ಕಡೆ ತಿರುಗಿ ಗೊಣಗಿದರು. ಒಲೆಯ ಹತ್ತಿರ ಗೊಣಗುವುದು ಅವರ ಇನ್ನೊಂದು ಅಭ್ಯಾಸ. ಜನರಿಗೆ ಹೇಳುವ ಮಾತು ಬೇರೆ, ಒಲೆಗೆ ಹೇಳುವ ಮಾತು ಬೇರೆ. "ಯಜಮಾನರೇ ಮಾತಾಡಬೇಕಂತೆ. ಆ ಪುಣ್ಯಾತ್ಮ ಫೋನಲ್ಲಿ ಮಾತಾಡೋ ಹಾಗಿದ್ದಿದ್ರೆ ನಾನ್ಯಾಕೆ ದಿನಕ್ಕೆ ಹತ್ತು ಸಲ ಈ ಮೆಟ್ಟಿಲು ಹತ್ತಿ ಇಳೀತಿದ್ದೆ?"

*

ಸಂಜೆ ಊಟಕ್ಕೆ ಕೂತಾಗ ಅತ್ತೆ ಈ ಸುದ್ದಿಯನ್ನು ತಮಾಷೆಯಾಗಿ ಹೇಳಿದರು. ಮಗ ನಗಲಿಲ್ಲ.

"ಅಪ್ಪ ಫೋನಲ್ಲಿ ಮಾತಾಡೋದಾ? ಎದುರಿಗೆ ಕೂತಿರೋ ಮಗನ ಹತ್ರಾನೇ ಮಾತಾಡಲ್ಲ."

"ಊಟ ಮಾಡೋ."

"ಅಂಗಡಿ ಸಾಕು, ಬಾಡಿಗೆಗೆ ಕೊಟ್ಟು ಆರಾಮಾಗಿರಿ ಅಂದಿದ್ದು ತಪ್ಪಾಯ್ತಾ? ಅವತ್ತಿಂದ ನನ್ನ ಮಾತಿಗೆ ಒಂದು ಹೂಂ ಇಲ್ಲ, ಉಹೂಂ ಇಲ್ಲ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು 'ಬರ್ತೀನಪ್ಪ' ಅಂತೀನಿ. ಬೆನ್ನು ತಿರುಗಿಸಿಕೊಂಡೇ ಇಸ್ತ್ರಿ ಮಾಡ್ತಿರ್ತಾರೆ."

ಮಾವ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಬರುವ ಹಾಗೆ ನಿಧಾನವಾಗಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನೋಡು, ಈಗಲೂ!" ಎಂದ ಮಗ. "ಅಪ್ಪ, ನಾನು ಕೇಳ್ತಿರೋದು ನಿಮ್ಮನ್ನೇ."

ಅತ್ತೆ ಮೇಜಿನ ಕೆಳಗೆ ಮಾವನ ಮೊಣಕಾಲು ತಟ್ಟಿದರು. ಮಾವ ಗಾಬರಿಯಿಂದ ಎಲ್ಲರ ಮುಖ ನೋಡಿ, "ಹ್ಞಾಂ, ಚೆನ್ನಾಗಿದೆ, ಚೆನ್ನಾಗಿದೆ," ಎಂದು ಆಲೂಗಡ್ಡೆ ತೋರಿಸಿದರು.

ಮಗ ತಟ್ಟೆ ಸರಿಸಿ ಎದ್ದುಹೋದ. "ಗೇಲಿ ಬೇರೆ," ಎಂದದ್ದು ಕೋಣೆಯಿಂದ ಕೇಳಿಸಿತು.

ಸೊಸೆ ಅವನ ತಟ್ಟೆಯನ್ನು ಮುಚ್ಚಿಟ್ಟಳು. ಒಮ್ಮೆ ಮಾವನನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಅತ್ತೆ ಅವಳ ಕಣ್ಣು ತಪ್ಪಿಸಿ, ಬೇಳೆಸಾರು ಇನ್ನೊಂದು ಸೌಟು ಹಾಕಲೇ ಎಂದು ಯಾರನ್ನೂ ಕೇಳದೆ ಎಲ್ಲರಿಗೂ ಹಾಕಿದರು.

*

ಮುಂದಿನ ವಾರ ಸಮೀಕ್ಷೆಯವಳು ಮರೆಯದೆ ಫೋನ್ ಮಾಡಿದಳು. ಅತ್ತೆ ಅವಳಿಗೆ ಆಗಲೇ 'ಫೋನಮ್ಮ' ಎಂದು ಹೆಸರಿಟ್ಟಾಗಿತ್ತು. ಯಜಮಾನರು ಸ್ನಾನ ಮಾಡುತ್ತಿದ್ದಾರೆ ಎಂದರು. ಎರಡು ದಿನ ಬಿಟ್ಟು ಮಾಡಿದಾಗ ಮಲಗಿದ್ದಾರೆ ಎಂದರು. ಮೂರನೆಯ ಸಲ ಮತ್ತೆ ಸ್ನಾನ.

"ನಿಮ್ಮ ಯಜಮಾನರು ಬಹಳ ಶುಚಿ ಅಮ್ಮ," ಎಂದಳು ಫೋನಮ್ಮ. "ಅವರಿಗೆ ಇಷ್ಟ ಇಲ್ಲ ಅಂದ್ರೆ ಹಾಗಂತ ಹೇಳಿಬಿಡಲಿ, ನಾನು ಮತ್ತೆ ತೊಂದರೆ ಕೊಡಲ್ಲ. ಆದ್ರೆ ಅದನ್ನೂ ಅವರೇ ಹೇಳಿದ್ರೆ ಒಳ್ಳೇದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅತ್ತೆ ಒಂದು ಉಪಾಯ ಹೂಡಿದರು. ಮತ್ತೆ ಫೋನು ಬಂದಾಗ ಎತ್ತಿ, ಗಂಟಲು ಸರಿಮಾಡಿಕೊಂಡು, ಖಾಲಿ ಕೊಡದೊಳಗೆ ಬಾಯಿಟ್ಟ ಹಾಗೆ ದನಿ ತೆಗೆದರು.

"ಹ್ಞೂಂ. ನಾನೇ."

ಆ ಕಡೆ ಪೆನ್ನು ಮೇಜಿಗೆ ಬಿದ್ದ ಸದ್ದಾಯಿತು.

"ಯಜಮಾನರಾ?"

"ಹ್ಞೂಂ."

"ಸಂತೋಷ. ಸುಲಭದ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಎತ್ತರ ಎಷ್ಟು?"

"ನನಗಿಂತ ಒಂದು ಗೇಣು ಜಾಸ್ತಿ," ಎಂದುಬಿಟ್ಟರು ಅತ್ತೆ.

ಫೋನಮ್ಮ ನಗು ತಡೆದುಕೊಳ್ಳಲು ಕೆಮ್ಮಿದಳು. ಅಷ್ಟರಲ್ಲಿ ಬೆನ್ನ ಹಿಂದೆಯೂ ಯಾರೋ ಕೆಮ್ಮಿದರು. ಸೊಸೆ, ಕೈಯಲ್ಲಿ ಅರ್ಧ ಗುಂಡಿ ಹಾಕಿದ ಅಂಗಿ ಹಿಡಿದು, ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಫೋನು ಇಟ್ಟು, ತಮ್ಮ ದನಿಯಲ್ಲೇ ಕೇಳಿದರು: "ಎಷ್ಟು ಹೊತ್ತಾಯ್ತೇ ಬಂದು?"

"ಕೊಡದೊಳಗಿಂದ ಮಾವ ಮಾತಾಡಿದಾಗಲೇ ಬಂದೆ."

ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು. ನಗುತ್ತಾರೆ ಎಂದುಕೊಂಡರೆ ಸೆರಗು ಕಣ್ಣಿಗೆ ಹೋಯಿತು.

"ಏನು ಮಾಡಲಿ ಹೇಳು. ಅವರಿಗೆ ಕಿವಿ ಕೇಳಲ್ಲ ಕಣೆ. ಆ ಹಾಳು ಯಂತ್ರದ ಪಕ್ಕ ನಿಂತು ನಿಂತು ಹೋಯ್ತು. ಬಲಗಿವಿ ಪೂರ್ತಿ, ಎಡಗಿವಿ ಮುಕ್ಕಾಲು."

"ಗೊತ್ತು ಅತ್ತೆ."

"ಏನು ಗೊತ್ತು?"

"ದಿನಾ ಅವರ ಪಕ್ಕದಲ್ಲೇ ಕೂತಿರ್ತೀನಲ್ಲ. ಹಿಂದಿನಿಂದ ಕರೆದ್ರೆ ತಿರುಗಲ್ಲ. ಮುಂದೆ ನಿಂತ್ರೆ ತುಟಿ ನೋಡ್ತಾರೆ. ನೀವು ಮಧ್ಯೆ ಬಾಯಿ ಹಾಕೋದು ಯಾಕೆ ಅಂತಾನೂ ಗೊತ್ತು."

"ನಿನ್ನ ಗಂಡನಿಗೆ ಹೇಳಿದ್ಯಾ?"

"ನೀವೇ ಹೇಳಲಿ ಅಂತ ಕಾಯ್ತಿದ್ದೆ."

"ಹೇಳಬೇಡ, ನನ್ನಾಣೆ. ಗೊತ್ತಾದ ದಿನವೇ ಅಂಗಡಿ ಬಾಗಿಲು ಹಾಕಿಸ್ತಾನೆ. ಆ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ಕೊಂಡ್ರೆ ಆ ಮನುಷ್ಯ ಏನು ಮಾಡಬೇಕು? ಕಿಟಕೀಲಿ ಕೂತು ಬಸ್ಸು ಎಣಿಸಬೇಕಾ?"

"ಇವರು ಅಪ್ಪನಿಗೆ ಕೋಪ ಅಂದ್ಕೊಂಡು ಒಳಗೊಳಗೇ ಬೇಯ್ತಿದ್ದಾರಲ್ಲ ಅತ್ತೆ."

"ಕೋಪ ಅಂದ್ಕೊಂಡ್ರೆ ಅಂದ್ಕೊಳ್ಳಲಿ. ಕೋಪಿಷ್ಠ ಅಪ್ಪ ಅಂದ್ರೆ ಒಂದು ಮರ್ಯಾದೆ ಇದೆ. ಕಿವುಡ ಅಪ್ಪ ಅಂದ್ರೆ ಏನಿದೆ?"

ಸೊಸೆ ಸೂಜಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿದಳು. "ಸರಿ. ಮಾವನನ್ನ ಕೇಳಿದ್ರಾ?"

"ಏನಂತ?"

"ಮಾತಾಡೋಕೆ ಇಷ್ಟ ಇದೆಯಾ ಅಂತ. ಬಲವಂತವಿಲ್ಲ ಅಂತ ಆ ಹುಡುಗಿ ಅಷ್ಟು ಸಲ ಹೇಳ್ತಾಳಲ್ಲ, ಹೇಳಬೇಕಾದವರಿಗೆ ಇನ್ನೂ ಸುದ್ದಿಯೇ ಮುಟ್ಟಿಲ್ಲ."

ಅತ್ತೆ ಬಾಯಿ ತೆರೆದರು. ಅದರಿಂದ ಏನೂ ಹೊರಡಲಿಲ್ಲ. ಆ ಮನೆಯ ಮಟ್ಟಿಗೆ ಅದು ದೊಡ್ಡ ಸಂಗತಿ.

*

ಮರುದಿನ ಸೊಸೆ ಎರಡೂ ಯಂತ್ರ ನಿಲ್ಲಿಸಿ, ಮಾವನ ಎದುರಿಗೆ ಬೆಳಕು ಬೀಳುವ ಕಡೆ ನಿಂತಳು. ಸಮೀಕ್ಷೆಯ ವಿಷಯವನ್ನೆಲ್ಲ ನಿಧಾನವಾಗಿ, ಅರಚದೆ, ತುಟಿ ಕಾಣುವ ಹಾಗೆ ಹೇಳಿದಳು.

"ಇಷ್ಟ ಇದ್ರೆ ಮಾತ್ರ ಮಾವ. ಬೇಡ ಅಂದ್ರೆ ಬೇಡ. ನಿಮ್ಮ ಮಾತು ನೀವೇ ಹೇಳಬೇಕು, ಅತ್ತೆ ಇರೋ ಹಾಗಿಲ್ಲ."

"ಅವಳು ಇರೋ ಹಾಗಿಲ್ವಾ?"

"ಇಲ್ಲ."

ಮಾವ ಮುಂದಿನ ಅಂಗಿ ಎತ್ತಿಕೊಂಡರು. ಕಾಲರ್ ಮುಗಿಸಿದರು, ತೋಳು ಮುಗಿಸಿದರು, ಬೆನ್ನಿಗೆ ನೀರು ಚಿಮುಕಿಸಿ ಮಡಚಿಟ್ಟರು. ಆಮೇಲೆ, "ಮಾತಾಡ್ತೀನಿ," ಎಂದರು.

ಮೇಲೆ ಸುದ್ದಿ ಮುಟ್ಟಿದ ಕೂಡಲೇ ಅತ್ತೆ ದಡದಡ ಇಳಿದು ಬಂದರು. "ರೀ, ನಿಮಗೆ ಹೇಗ್ರೀ ಕೇಳುತ್ತೆ? ಅವಳು ಎಷ್ಟು ಮಕ್ಕಳು ಅಂದ್ರೆ ನೀವು ಎಷ್ಟು ಅಂಗಿ ಅಂದ್ಕೊಳ್ತೀರಿ!"

"ಯಂತ್ರ ನಿಂತಿದ್ರೆ ಎಡಗಿವಿಗೆ ಸ್ವಲ್ಪ ಬೀಳುತ್ತೆ. ಬೀಳದಿದ್ರೆ ಇನ್ನೊಂದ್ಸಲ ಹೇಳು ಅಂತೀನಿ. ಅವಳಿಗೇನು, ಅದೇ ಕೆಲಸ."

"ಕಿವಿ ವಿಷಯ ಎತ್ತಿದ್ರೆ?"

ಮಾವ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರು. "ಏನೇ, ನನಗೆ ಬೇಕೋ ಬೇಡವೋ ಅಂತ ಯಾರಾದ್ರೂ ಕೇಳಿ ಎಷ್ಟು ಕಾಲವಾಯ್ತು? ಆ ಹುಡುಗಿ ನಾಲ್ಕು ಸಲ ಕೇಳಿದ್ದಾಳೆ, ನೀನು ನಾಲ್ಕು ಸಲಾನೂ ನನಗೆ ಸ್ನಾನ ಮಾಡಿಸಿದೀಯ."

"ಎರಡೇ ಸಲ ಸ್ನಾನ," ಎಂದರು ಅತ್ತೆ, ಸಣ್ಣ ದನಿಯಲ್ಲಿ.

ಸೊಸೆಯೇ ಫೋನಮ್ಮನಿಗೆ ಹೇಳಿ ರಜೆಯ ದಿನ ಗೊತ್ತುಮಾಡಿದಳು. ಸ್ವಲ್ಪ ನಿಧಾನವಾಗಿ, ಬಿಡಿಸಿ ಮಾತಾಡಬೇಕು ಎಂದಷ್ಟೇ ಹೇಳಿದಳು. ಯಾಕೆ ಎಂದು ಆ ಹುಡುಗಿ ಕೇಳಲಿಲ್ಲ.

*

ರಜೆಯ ದಿನ ಊಟವಾದ ಮೇಲೆ ಮಾವ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಕೆಳಗಿಳಿದರು. ಅಂಗಡಿಯ ಬಾಗಿಲು ಎಳೆದುಕೊಂಡು ಫೋನಿನ ಮುಂದೆ ಕೂತರು. ಮೇಲೆ ಮೂವರೂ ಮೇಜಿನ ಸುತ್ತ ಬಟಾಣಿ ಸುಲಿಯುತ್ತ ಕೂತರು. ಫೋನು ಹೊಡೆದುಕೊಂಡು ನಿಂತಿತು. ಕೆಳಗೆ ಎತ್ತಿದ್ದರು.

ಅತ್ತೆಯ ಕಣ್ಣು ಗೋಡೆಯ ಫೋನಿನ ಮೇಲೆ. ಅದನ್ನು ಮೆಲ್ಲಗೆ ಎತ್ತಿದರೆ ಸಾಕು, ಎಲ್ಲ ಕೇಳುತ್ತದೆ. ಕೈ ಬಟಾಣಿ ಬಿಟ್ಟು ಆ ಕಡೆ ಸರಿಯಿತು. ಸೊಸೆ ಎದ್ದು ಫೋನಿಗೆ ಬೆನ್ನು ಕೊಟ್ಟು ನಿಂತಳು.

"ಅತ್ತೆ, ಅದು ಅವರ ಮಾತು."

"ನಾನು ಗೋಡೆ ಒರೆಸೋಣ ಅಂತ—"

ಆದರೆ ಯಾರೂ ಫೋನು ಎತ್ತಬೇಕಾಗಿಯೇ ಇರಲಿಲ್ಲ. ಕಿವಿ ಕೇಳದವರು ತಮ್ಮ ದನಿ ಎಷ್ಟು ದೊಡ್ಡದೆಂದು ಅಳೆಯಲಾರರು. ಮಾವ ಮಾತಾಡುವುದೇ ಅಪರೂಪವಾದ್ದರಿಂದ ಈ ಸಂಗತಿ ಯಾರಿಗೂ ಹೊಳೆದಿರಲಿಲ್ಲ. ಮೆಟ್ಟಿಲ ಕೆಳಗಿನಿಂದ ಸಂತೆಯಲ್ಲಿ ಕೂಗಿದ ಹಾಗೆ ಮಾತು ಬಂತು.

"ಹೌದು! ನಾನೇ ಯಜಮಾನ! ನನಗೆ ಇಷ್ಟ ಇದೆ, ಕೇಳಮ್ಮ!"

ಮೂವರೂ ಬೆಚ್ಚಿದರು. ಪ್ರಶ್ನೆ ಕೇಳಿಸುತ್ತಿರಲಿಲ್ಲ, ಉತ್ತರ ಮಾತ್ರ.

"ನಿದ್ದೆಯಾ? ಚೆನ್ನಾಗಿ ಬರುತ್ತೆ! ಹೆಂಡತಿ ಗೊರಕೆ ಹೊಡೀತಾಳಂತೆ, ನನಗೇನೂ ತೊಂದ್ರೆ ಇಲ್ಲ!"

"ಯಾರು ಅಂದಿದ್ದು?" ಎಂದರು ಅತ್ತೆ.

"ಸಿಗರೇಟಾ? ಬಿಟ್ಟೆ! ... ಹ್ಞಾಂ? ನಿಜ ಹೇಳಬೇಕಾ? ವಾರಕ್ಕೊಂದು! ಚಪ್ಪಲಿ ಅಂಗಡಿ ಹಿಂದೆ! ಮನೇಲಿ ಗೊತ್ತಿಲ್ಲ!"

ಅತ್ತೆಯ ಕೈಯಲ್ಲಿದ್ದ ಬಟಾಣಿ ನೆಲಕ್ಕೆ ಉರುಳಿತು. ಮಗನಿಗೆ ನಗು ಉಕ್ಕಿ ಬಂತು. ಎಷ್ಟೋ ದಿನದ ಮೇಲೆ ಆ ಮೇಜಿನಲ್ಲಿ ಅವನು ನಕ್ಕದ್ದು. ಮರುಕ್ಷಣವೇ ಎದ್ದ. "ಹೊರಗೆ ಹೋಗೋಣ. ನಾವು ಕೇಳಬಾರದು ಇದನ್ನ."

ಸೊಸೆ ಅವನ ತೋಳು ಹಿಡಿದು ಹೊರಡುವಷ್ಟರಲ್ಲಿ ಮುಂದಿನದು ಬಂತು.

"ಕಿವಿಯಾ? ... ಕೇಳಲ್ಲಮ್ಮ! ಇಲ್ಲ, ಸ್ವಲ್ಪ ಅಲ್ಲ, ಬಹಳ ಕಡಿಮೆ! ಎರಡು ವರ್ಷ ಆಯ್ತು! ... ಡಾಕ್ಟರಿಗಾ? ತೋರಿಸಿಲ್ಲ! ... ಯಾಕೆ ಅಂದ್ರೆ, ಮಗನಿಗೆ ಗೊತ್ತಾದ್ರೆ ಅಂಗಡಿ ಮುಚ್ಚಿ ಅಂತಾನೆ! ಒಳ್ಳೆಯವನು, ನನ್ನ ಮೇಲೆ ಜೀವ ಇಟ್ಕೊಂಡಿದ್ದಾನೆ, ಅದಕ್ಕೇ ಭಯ!"

ಮಗ ಬಾಗಿಲ ಚೌಕಟ್ಟು ಹಿಡಿದು ನಿಂತ. ಅತ್ತೆ ಕೆಳಗೆ ಬಿದ್ದ ಬಟಾಣಿ ಹೆಕ್ಕುವ ನೆಪದಲ್ಲಿ ಬಗ್ಗಿದವರು ಮೇಲೇಳಲಿಲ್ಲ.

"ಅಮ್ಮ, ನಿನಗೆ ಗೊತ್ತಿತ್ತಾ?"

ಅತ್ತೆ ಮೇಜಿನ ಕೆಳಗೆ ಇನ್ನೊಂದು ಬಟಾಣಿ ಹುಡುಕಿದರು. ಕೆಳಗಿನ ದನಿ ಒಂದು ಸಲ ತಗ್ಗಿ ಮತ್ತೆ ಎದ್ದಿತು.

"ಹ್ಞಾಂ? ಇನ್ನೊಂದ್ಸಲ ಹೇಳಮ್ಮ. ... ಕಾಯಿಲೆ ಬಿದ್ರೆ ನೋಡ್ಕೊಳ್ಳೋರಾ? ಇದ್ದಾಳೆ! ನನ್ನ ಕಿವಿ ಹೋದಾಗಿಂದ ನನ್ನ ಪಾಲಿನ ಮಾತನ್ನೂ ಅವಳೇ ಆಡ್ತಾಳೆ! ವಾಚಾಳಿ ಅಂತ ಊರೆಲ್ಲ ಅಂದ್ಕೊಂಡಿದೆ! ಅನ್ನಿಸಿಕೊಂಡಳು, ನನ್ನ ಬಿಟ್ಟುಕೊಡಲಿಲ್ಲ! ಬರ್ಕೊಂಡ್ಯಾ?"

ಫೋನಮ್ಮ ಬರೆದುಕೊಂಡಳೋ ಇಲ್ಲವೋ, ಮೇಜಿನ ಕೆಳಗೆ ಬಗ್ಗಿದ್ದ ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸೊಸೆಯೂ ಪಕ್ಕದಲ್ಲಿ ಕೂತು ಬಟಾಣಿ ಹೆಕ್ಕತೊಡಗಿದಳು. ಮಗ ಮೆಟ್ಟಿಲ ತುದಿಗೆ ಹೋಗಿ ನಿಂತ.

*

ಮಾವ ಹೊಸ ಬಟ್ಟೆ ಹಾಕಿಕೊಂಡ ಮಗುವಿನಂತೆ ಹಿಗ್ಗಿ ಮೆಟ್ಟಿಲು ಹತ್ತಿ ಬಂದರು. "ಮುಗೀತು. ಪಾಪ, ಒಳ್ಳೆ ಹುಡುಗಿ. ಬಹಳ ಧನ್ಯವಾದ ಹೇಳಿದ್ಲು," ಎಂದವರು ಮೂರು ಮುಖ ನೋಡಿ ನಿಂತರು. "ಯಾಕೆ? ಏನಾಯ್ತು?"

ಮಗ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತ. ಯಾರೂ ಹೇಳಿಕೊಟ್ಟಿರಲಿಲ್ಲ. "ಅಪ್ಪ, ನಿಮಗೆ ನನ್ನ ಮೇಲೆ ಕೋಪ ಇರಲಿಲ್ವಾ?"

"ಯಾವ ಕೋಪ?"

"ದಿನಾ ಬೆಳಿಗ್ಗೆ 'ಬರ್ತೀನಪ್ಪ' ಅಂತೀನಿ. ತಿರುಗಿ ನೋಡಲ್ವಲ್ಲ."

ಮಾವ ಅವನ ತುಟಿಯಿಂದ ಕಣ್ಣಿಗೆ ನೋಟ ಎತ್ತಿದರು. "ದಿನಾ ಹೇಳ್ತೀಯಾ? ನಾನು ನೀನೇ ಮಾತು ಬಿಟ್ಟೆ ಅಂದ್ಕೊಂಡಿದ್ದೆ ಕಣೋ. ಹೇಳದೇ ಕೇಳದೇ ಹೊರಟುಹೋಗ್ತಾನಲ್ಲ, ಅಷ್ಟು ಕೋಪಾನಾ ಅಂತ."

ಆಗ ಕೆಳಗಿನ ಬಾಗಿಲಿನಿಂದ ಚಪ್ಪಲಿ ಅಂಗಡಿಯವರು ಕೂಗಿದರು. "ಯಜಮಾನರೇ! ಸಿಗರೇಟಿನ ವಿಷಯದಲ್ಲಿ ನನ್ನ ಅಂಗಡಿ ಹೆಸರು ಯಾಕೆ ಎಳೆದ್ರಿ? ಇಡೀ ಬೀದಿ ಕೇಳಿಸ್ಕೊಂಡಿತು!"

ಅತ್ತೆ ಕಿಟಕಿಯಿಂದ ತಲೆ ಹಾಕಿದರು. "ಇಡೀ ಬೀದಿಯಾ? ಕಿವಿ ವಿಷಯಾನೂ?"

"ಅದಾ? ಅದು ನಮಗೆಲ್ಲ ಮೊದಲಿಂದ ಗೊತ್ತಲ್ಲಮ್ಮ. ನಾವ್ಯಾಕೆ ನಿಮ್ಮ ಕಟ್ಟೆ ಮುಂದೆ ನಿಂತು ಅಷ್ಟು ಜೋರಾಗಿ ಮಾತಾಡ್ತೀವಿ ಅಂದ್ಕೊಂಡಿದ್ರಿ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನೀವಿಬ್ಬರೂ ಮುಚ್ಚಿಟ್ಟಿದ್ರಿ. ನಿಮಗೆ ಬೇಜಾರಾಗುತ್ತೆ ಅಂತ ನಾವೂ ಕಣ್ಣು ಮುಚ್ಚಿದ್ವಿ."

"ಹಾಗಾದ್ರೆ ಗೊತ್ತಿಲ್ಲದೇ ಇದ್ದವನು ನಾನೊಬ್ಬನೇ!" ಎಂದ ಮಗ.

"ನೀನು ಬಸ್ಸಿನ ಹಾರ್ನಿಗೆ ಬಿಟ್ರೆ ಬೇರೆ ಯಾವುದಕ್ಕೆ ಕಿವಿ ಕೊಡ್ತೀಯ?" ಎಂದಳು ಸೊಸೆ.

ಅಂಗಡಿಯ ಮಾತು ಅವತ್ತೇ ಇತ್ಯರ್ಥವಾಯಿತು ಎಂದೇನಲ್ಲ. ಎರಡು ದಿನ ವಾದ ನಡೆಯಿತು, ಆದರೆ ಈ ಸಲ ಎದುರೆದುರು ಕೂತು. ಮಗ ಮುಚ್ಚಿ ಎಂದ. ಮಾವ ಇಲ್ಲ ಎಂದು ಮೇಜು ಗುದ್ದಿದರು. ಅತ್ತೆ ಇಬ್ಬರ ಪರವಾಗಿಯೂ ಮಾತಾಡಿದರು. ಕೊನೆಗೆ ಮಗ ಹಿಂಡುವ ಯಂತ್ರವನ್ನು ಬಿಚ್ಚಿ ನೋಡಿ, "ಇದರ ಬೇರಿಂಗ್ ಸತ್ತು ಯಾವ ಕಾಲವಾಯ್ತೋ! ಬಸ್ಸಲ್ಲಿ ಹೀಗೆ ಸದ್ದು ಬಂದಿದ್ರೆ ಡಿಪೋದಿಂದ ಹೊರಗೇ ಬಿಡ್ತಿರಲಿಲ್ಲ," ಎಂದು ಬೈದು, ಹೊಸದು ಹಾಕಿ, ಯಂತ್ರವನ್ನು ಹಿಂದಿನ ಕೋಣೆಗೆ ತಳ್ಳಿಸಿದ. ತಟ್ಟೆಗಳು ಕುಣಿಯುವುದು ನಿಂತಿತು. ಅಂಗಡಿ ಉಳಿಯಿತು. ಮಾವ ಇಸ್ತ್ರಿಗೆ, ಸೊಸೆ ಗಿರಾಕಿಗಳಿಗೆ ಮತ್ತು ಫೋನಿಗೆ. ಬೆಳಿಗ್ಗೆ ಹೊರಡುವಾಗ ಮಗ ಬಾಗಿಲಲ್ಲಿ ಕೂಗುವುದು ಬಿಟ್ಟು, ಒಳಗೆ ಬಂದು ಅಪ್ಪನ ಭುಜ ತಟ್ಟಿ ಹೋಗತೊಡಗಿದ.

ಕಿವಿಯ ಡಾಕ್ಟರ ಹತ್ತಿರ ಅತ್ತೆಯೇ ಕರೆದುಕೊಂಡು ಹೋದರು. "ಎಷ್ಟು ದಿನದಿಂದ?" ಎಂದು ಡಾಕ್ಟರು ಕೇಳಿದಾಗ ಅತ್ತೆ ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದು ಕೂತರು. ಮಾವನೇ ಹೇಳಿದರು, ಹೊರಗೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ. ಕೆಲವು ವಾರಗಳ ಮೇಲೆ ಎಡಗಿವಿಗೆ ಬಟಾಣಿಕಾಳಿನಷ್ಟು ಒಂದು ಯಂತ್ರ ಬಂತು. ಮೊದಲ ದಿನ ಅದನ್ನು ಹಾಕಿಕೊಂಡು ಮಾವ ನಲ್ಲಿ ತಿರುಗಿಸಿ ನೋಡಿದರು, ಬಾಗಿಲು ಹಾಕಿ ತೆಗೆದು ನೋಡಿದರು, ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಹರಿದಾಗ ಬರುವ ಸಣ್ಣ ಹಿಸ್ ಸದ್ದಿಗೆ ತಲೆದೂಗಿದರು.

ಆ ಸಂಜೆ ಅವರು ಬೇಗ ಮೇಲೆ ಬಂದು, ಊಟದ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ಅತ್ತೆ ಬೆನ್ನು ತಿರುಗಿಸಿಕೊಂಡು ಸಾರು ಕಲಕುತ್ತ ಒಲೆಗೆ ಎಂದಿನಂತೆ ಗೊಣಗುತ್ತಿದ್ದರು.

"ಇನ್ನು ನನ್ನ ಹಂಗೇನು, ಕಿವಿ ಬಂತು, ಮಗ ಸಿಕ್ಕಿದ, ಎಲ್ಲ ಉತ್ತರಾನೂ ತಾವೇ ಹೇಳ್ತಾರೆ. ನಾನು ಮೂಲೇಲಿ ಕೂತಿದ್ರೆ ಆಯ್ತು, ನನ್ನ ಹುಟ್ಟುಹಬ್ಬಾನೂ ಒಬ್ಬರಿಗೂ ನೆನಪಿಲ್ಲ."

"ನಿನ್ನ ಹುಟ್ಟುಹಬ್ಬ ಮರೆತಿದ್ದು ತಪ್ಪಾಯ್ತು," ಎಂದರು ಮಾವ, ಮೆಲ್ಲಗೆ. "ಮುಂದಿನ ವರ್ಷ ಆ ಹುಡುಗಿ ಫೋನ್ ಮಾಡಿದ್ರೆ ನಿನ್ನದೇ ಮೊದಲು ಬರುತ್ತೆ ಅಂತ ಹೇಳ್ತೀನಿ."

ಸೌಟು ನಿಂತಿತು. ಎರಡು ವರ್ಷದಿಂದ ಈ ಒಲೆಗೆ ಏನೇನು ಹೇಳಿದ್ದೆ ಎಂದು ಅತ್ತೆ ಗಾಬರಿಯಿಂದ ನೆನಪು ಮಾಡಿಕೊಳ್ಳತೊಡಗಿದರು. ಆಮೇಲೆ ತಿರುಗದೆಯೇ, ಮೊದಲಿಗಿಂತಲೂ ಸಣ್ಣ ದನಿಯಲ್ಲಿ ಗೊಣಗಿದರು:

"ಗೊರಕೆ ಹೊಡೀತೀನಿ ಅಂತ ಹೇಳಿಕೊಟ್ಟಿದ್ದು ಯಾರು?"

"ಅದು ಬೇಡ ಅನ್ನಿಸಿದ ಪ್ರಶ್ನೆ," ಎಂದರು ಮಾವ. "ಬಿಟ್ಟುಬಿಡ್ತೀನಿ. ಸಾರು ಬಡಿಸು."